ಪ್ರಸಾದವೋ ನಿಷ್ಠೆಯೋ: ವಿಮಾನ ತಡವಾದಾಗ ಪಯಣಿಗನ ಧರ್ಮ

ಹೊರಟ ಪಯಣ ನಡುವೆ ನಿಂತುಹೋದಾಗ ಮನುಷ್ಯನು ಬಂದದ್ದನ್ನು ಒಪ್ಪಿಕೊಂಡು ಕಾಯಬೇಕೋ, ಬೇರೆ ದಾರಿ ಹುಡುಕಿ ಮುಂದುವರಿಯಬೇಕೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ವ್ಯವಹಾರದ ಪ್ರಶ್ನೆಯಂತೆ ಕಂಡರೂ ಅದರ ಬೇರು ಧರ್ಮಚಿಂತನೆಯಲ್ಲಿದೆ. ಕಾದು ಕುಳಿತವನನ್ನು ಲೋಕವು ಒಮ್ಮೆ ತಾಳ್ಮೆಯವನೆಂದು ಹೊಗಳುತ್ತದೆ, ಇನ್ನೊಮ್ಮೆ ಕೈಲಾಗದವನೆಂದು ಹಳಿಯುತ್ತದೆ. ಬೇರೆ ವಾಹನ ಹಿಡಿದು ಓಡಿದವನನ್ನು ಒಮ್ಮೆ ಛಲಗಾರನೆನ್ನುತ್ತದೆ, ಇನ್ನೊಮ್ಮೆ ಆತುರಗೇಡಿ ಎನ್ನುತ್ತದೆ. ಯಾವ ಸಂದರ್ಭದಲ್ಲಿ ಯಾವ ಮಾತು ಸಲ್ಲುತ್ತದೆ ಎಂಬುದನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕು. ಅಂಥ ಅಳತೆಗೋಲನ್ನು ಹನ್ನೆರಡನೆಯ ಶತಮಾನದ ಶರಣರು ಕನ್ನಡದಲ್ಲೇ ರೂಪಿಸಿಟ್ಟಿದ್ದಾರೆ. ಅವರಲ್ಲಿ ದೂರದ ಹಾದಿಯನ್ನು ಒಂಟಿಯಾಗಿ ನಡೆದವಳೆಂದು ಪ್ರಸಿದ್ಧಳಾದ ಅಕ್ಕಮಹಾದೇವಿಯ ಊರು ಉಡುತಡಿ. ಇಂದು ಆ ಸೀಮೆಯ ಜನರೂ ವಿಮಾನ ಹತ್ತುತ್ತಾರೆ, ವಿಮಾನ ತಡವಾದರೆ ಬಸ್ಸು, ರೈಲು, ಕಾರುಗಳ ಲೆಕ್ಕ ಹಾಕುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ಉಡುತಡಿಯಿಂದಲೇ ಕೇಳುವುದು ಸೂಕ್ತ.

ಉಡುತಡಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿ, ಸೊರಬದ ಸೀಮೆಗೆ ಒತ್ತಿಕೊಂಡಿರುವ ಸಣ್ಣ ಊರು. ಅಲ್ಲಮಪ್ರಭುವಿನ ಹುಟ್ಟೂರೆಂದು ಪರಂಪರೆ ಹೇಳುವ, ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ಆಡಳಿತ ಕೇಂದ್ರವಾಗಿದ್ದ ಬಳ್ಳಿಗಾವಿಯೂ, ಕದಂಬರ ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋದ ಸಂಗತಿಯನ್ನು ಹೇಳುವ ಕಂಬಶಾಸನವಿರುವ ತಾಳಗುಂದವೂ ಇದೇ ನೆರೆಯಲ್ಲಿವೆ. ಹೀಗೆ ಈ ನೆಲದ ದೊಡ್ಡ ಹೆಸರುಗಳೆಲ್ಲ ಒಂದಲ್ಲ ಒಂದು ಪಯಣದೊಡನೆ ಸೇರಿಕೊಂಡಿವೆ, ಮತ್ತು ಆ ಪಯಣಗಳು ಯಾವಾಗಲೂ ಅಂದುಕೊಂಡಂತೆ ನೇರವಾಗಿ ಸಾಗಲಿಲ್ಲ. ವೇದಾಧ್ಯಯನಕ್ಕೆಂದು ಹೋದ ಮಯೂರಶರ್ಮನು ಕಂಚಿಯಲ್ಲಿ ಪಲ್ಲವರೊಡನೆ ನಡೆದ ಕಲಹದಿಂದಾಗಿ ಶಸ್ತ್ರ ಹಿಡಿದು ರಾಜ್ಯಕಟ್ಟುಗನಾದನು.

ಅಕ್ಕಮಹಾದೇವಿಯ ಪಯಣದ ವಿಚಾರದಲ್ಲಿ ಇನ್ನೂ ಗಮನಾರ್ಹವಾದ ಒಂದು ಸಂಗತಿಯಿದೆ. ಆಕೆಯ ಬಾಳನ್ನು ಮೊದಲು ವಿಸ್ತಾರವಾಗಿ ಬರೆದ ಹರಿಹರನು ತನ್ನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಆಕೆಯನ್ನು ಉಡುತಡಿಯಿಂದ ನೇರವಾಗಿ ಶ್ರೀಶೈಲಕ್ಕೆ ಕರೆದೊಯ್ಯುತ್ತಾನೆ, ಅನಂತರದ ‘ಪ್ರಭುಲಿಂಗಲೀಲೆ’ ಮತ್ತು ‘ಶೂನ್ಯಸಂಪಾದನೆ’ಗಳು ಆಕೆಯನ್ನು ಮೊದಲು ಕಲ್ಯಾಣಕ್ಕೆ ತಂದು, ಅಲ್ಲಮನ ಪರೀಕ್ಷೆಗೆ ಒಡ್ಡಿ, ಶರಣರ ನಡುವೆ ನಿಲ್ಲಿಸಿ, ಆಮೇಲೆ ಶ್ರೀಶೈಲದ ಕದಳಿಗೆ ಕಳುಹಿಸುತ್ತವೆ. ಭೂಗೋಳದ ದೃಷ್ಟಿಯಿಂದ ಈ ಎರಡನೆಯ ದಾರಿ ದೊಡ್ಡ ಸುತ್ತು: ಕೃಷ್ಣೆ, ಭೀಮೆಗಳನ್ನು ದಾಟಿ ಉತ್ತರಕ್ಕೆ ಏರಿ, ಮರಳಿ ಕೃಷ್ಣೆಯನ್ನು ದಾಟಿ ದಕ್ಷಿಣ ದಂಡೆಯ ಶ್ರೀಶೈಲಕ್ಕೆ ಇಳಿಯಬೇಕು. ಆದರೂ ಕನ್ನಡದ ಭಕ್ತಮನಸ್ಸು ಈ ಸುತ್ತಿನ ದಾರಿಯನ್ನೇ ಅಪ್ಪಿಕೊಂಡಿತು, ಏಕೆಂದರೆ ಅಕ್ಕನು ‘ಅಕ್ಕ’ನಾದದ್ದು ಆ ನಡುವಣ ನಿಲುಗಡೆಯಲ್ಲಿ, ಅನುಭವ ಮಂಟಪದ ಸಂವಾದದಲ್ಲಿ, ಎಂದು ಅದು ನಂಬಿತು. ದಾರಿಯ ವಿಷಯದಲ್ಲಿ ಗ್ರಂಥಗಳು ಭಿನ್ನವಾಗಿದ್ದರೂ ಗುರಿಯಾದ ಚೆನ್ನಮಲ್ಲಿಕಾರ್ಜುನನ ವಿಷಯದಲ್ಲಿ ಅವುಗಳಲ್ಲಿ ಭೇದವಿಲ್ಲ. ದಾರಿ ಬದಲಾದರೂ ಗುರಿ ಕೆಡುವುದಿಲ್ಲ ಎಂಬುದನ್ನೂ, ಬದಲಾದ ದಾರಿ ಪಯಣಿಗನಿಗೆ ತನ್ನದೇ ಹೊಣೆಗಳನ್ನು ತಂದೊಡ್ಡುತ್ತದೆ ಎಂಬುದನ್ನೂ ಈ ಚರಿತ್ರೆಯಿಂದ ಒಟ್ಟಿಗೇ ತಿಳಿಯಬಹುದು.

ಇಂದಿನ ಸಂದರ್ಭವನ್ನು ನೋಡುವುದಾದರೆ, ಶಿವಮೊಗ್ಗದ ಸೋಗಾನೆಯಲ್ಲಿ ನಿರ್ಮಾಣವಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನವನ್ನು ಬರಮಾಡಿಕೊಂಡಿತು. ಶಿಕಾರಿಪುರ, ಸೊರಬ, ಸಾಗರ ತಾಲ್ಲೂಕುಗಳ ಜನರಿಗೆ ಇದರಿಂದ ರಾಜಧಾನಿಯು ಆಕಾಶಮಾರ್ಗದಲ್ಲಿ ಒಂದು ಗಂಟೆಯ ಆಸುಪಾಸಿನ ದೂರಕ್ಕೆ ಬಂದಿತು. ಆದರೆ ಮಲೆನಾಡಿನ ಅಂಚಿನಲ್ಲಿರುವ ಈ ನೆಲದಲ್ಲಿ ಚಳಿಗಾಲದ ಮುಂಜಾವಿನ ಮಂಜೂ ಮಳೆಗಾಲದ ತಗ್ಗಿದ ಮೋಡವೂ ಹೊಸತಲ್ಲ. ರನ್‌ವೇ ಕಾಣಿಸದಿದ್ದಾಗ ವಿಮಾನ ಬೆಂಗಳೂರಿನಲ್ಲೇ ತಡೆದು ನಿಲ್ಲುತ್ತದೆ, ಇಲ್ಲವೇ ಬಂದದ್ದು ಇಳಿಯದೆ ಹಿಂದಿರುಗುತ್ತದೆ. ಇಳಿಯುವ ವಿಮಾನಕ್ಕೆ ಒಂದು ನಿಗದಿತ ಎತ್ತರವಿರುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಪೈಲಟ್‌ಗೆ ರನ್‌ವೇ ಅಥವಾ ಅದರ ದೀಪಗಳು ಕಣ್ಣಿಗೆ ಬೀಳದಿದ್ದರೆ ಆತ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಲೇಬೇಕು. ಗುರಿ ಕಾಲಕೆಳಗೇ ಇದ್ದರೂ ಹಿಂದಿರುಗುವ ಈ ಕ್ರಮದಲ್ಲಿ ಒಂದು ಬಗೆಯ ವೈರಾಗ್ಯವಿದೆ.

ಆ ವೈರಾಗ್ಯ ತಪ್ಪಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ವಿಮಾನವು ಬಜ್ಪೆಯ ಮೇಜಿನಾಕಾರದ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಮಡಿದರು. ಬದುಕಿ ಉಳಿದವರು 8 ಮಂದಿ. ಇಳಿಯುವಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ-ಪೈಲಟ್ ಮೂರು ಬಾರಿ ಹೇಳಿದರೂ ಕಮಾಂಡರ್ ಮುಂದುವರಿದದ್ದು ದುರಂತಕ್ಕೆ ನೇರ ಕಾರಣವೆಂದು ತನಿಖಾ ಮಂಡಳಿ ನಿರ್ಣಯಿಸಿತು. ವಿಮಾನ ಹಿಂದಿರುಗಿತೆಂದು ಸಿಟ್ಟಾಗುವ ಪ್ರಯಾಣಿಕನು ಈ ನಿರ್ಣಯವನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ತಡಗಳಲ್ಲಿ ಹಲವು ಯಾರದೋ ಆಲಸ್ಯದಿಂದ ಹುಟ್ಟಿದವಲ್ಲ, ಯಾರೋ ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡಿದ್ದರಿಂದ ಹುಟ್ಟಿದವು.

ಹಾಗೆಂದ ಮಾತ್ರಕ್ಕೆ ತಡವೆಲ್ಲವೂ ದೈವಕೃಪೆಯೆಂದು ಹೇಳುವುದು ಸಾಧ್ಯವಿಲ್ಲ. ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂಬ ಸಮಾಧಾನದ ಮಾತು ಕನ್ನಡಿಗರ ನಾಲಗೆಯ ಮೇಲೆ ಸದಾ ಇರುತ್ತದೆ. ಅಪಘಾತಕ್ಕೀಡಾದ ವಿಮಾನವನ್ನು ಹತ್ತಲಾಗದೆ ಉಳಿದವರು ದೇವರೇ ತಡೆದನೆಂದು ಕೈಮುಗಿಯುವುದೂ ಸಹಜ. ಕೃತಜ್ಞತೆಯ ಮಾತಾಗಿ ಅದು ನಿಜ, ಆದರೆ ತತ್ತ್ವವಾಗಿ ಅದು ನಿಲ್ಲುವುದಿಲ್ಲ, ಏಕೆಂದರೆ ಉಳಿದವನನ್ನು ದೇವರು ತಡೆದನೆಂದರೆ ಹತ್ತಿದವರನ್ನು ಆತ ಏಕೆ ತಡೆಯಲಿಲ್ಲವೆಂಬ ಪ್ರಶ್ನೆಗೆ, ಅವರ ಮನೆಯವರ ಮುಂದೆ ನಿಂತು ಹೇಳಬಹುದಾದ ಯಾವ ಉತ್ತರವೂ ಇಲ್ಲ. ತನಗೆ ಅನುಕೂಲವಾದದ್ದನ್ನು ಮಾತ್ರ ಪ್ರಸಾದವೆನ್ನುವವನು ಪ್ರಸಾದದ ತತ್ತ್ವವನ್ನು ಅರಿತವನಲ್ಲ.

ಪ್ರಸಾದತತ್ತ್ವವನ್ನು ಶರಣರು ಇಟ್ಟ ಜಾಗವನ್ನು ಗಮನಿಸಿದರೆ ವಿಚಾರ ಸ್ಪಷ್ಟವಾಗುತ್ತದೆ. ಸಾಧಕನು ಶಿವನಲ್ಲಿ ಒಂದಾಗುವವರೆಗಿನ ಆರು ನೆಲೆಗಳನ್ನು ಷಟ್‌ಸ್ಥಲವೆಂದು ಕರೆಯುತ್ತಾರೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದು ಸ್ಥಲಕ್ಕೂ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದ್ದು, ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಸಲ್ಲುತ್ತದೆ. ನಿಷ್ಠೆಯೆಂದರೆ ಹಿಡಿದದ್ದನ್ನು ಬಿಡದ ದೃಢತೆ, ಗುರಿಯಿಂದ ಕದಲದ ಮನಸ್ಸು. ಅವಧಾನವೆಂದರೆ ಬಂದದ್ದನ್ನು ಎಚ್ಚರದಿಂದ, ಇಂದ್ರಿಯಗಳು ಚದುರದಂತೆ, ಅರಿತು ಸ್ವೀಕರಿಸುವುದು. ಬಂದದ್ದನ್ನು ಸ್ವೀಕರಿಸುವ ಸ್ಥಲಕ್ಕೆ ಆಚಾರ್ಯರು ಶರಣಾಗತಿಯನ್ನೋ ಮೌನವನ್ನೋ ಲಕ್ಷಣವಾಗಿ ಹೇಳದೆ ಎಚ್ಚರವನ್ನೇ ಹೇಳಿದ್ದು ಇಲ್ಲಿ ಮುಖ್ಯವಾದ ಸಂಗತಿ. ಪ್ರಸಾದಿಯು ಕಣ್ಣು ಮುಚ್ಚಿ ನುಂಗುವವನಲ್ಲ. ಕೈಗೆ ಬಂದದ್ದೇನು, ಅದು ಯಾರಿಂದ ಬಂತು, ಅದರಲ್ಲಿ ತನ್ನ ಪಾಲೆಷ್ಟು ಎಂಬುದನ್ನು ಕಂಡು ಪಡೆಯುವವನು. ಜೊತೆಗೆ, ಪ್ರಸಾದಿಸ್ಥಲವು ಮಹೇಶಸ್ಥಲದ ಅನಂತರ ಬರುತ್ತದೆ. ಅಂದರೆ ನಿಷ್ಠೆಯಿಲ್ಲದವನ ಒಪ್ಪಿಗೆಗೆ ಬೆಲೆಯಿಲ್ಲ, ಎಚ್ಚರವಿಲ್ಲದವನ ನಿಷ್ಠೆಗೆ ಪೂರ್ಣತೆಯಿಲ್ಲ. ಕಾಯಬೇಕೋ ಹೋಗಬೇಕೋ ಎಂಬ ಮೊದಲ ಪ್ರಶ್ನೆ ಹೀಗೆ ರೂಪ ಬದಲಿಸುತ್ತದೆ: ಕಾದರೂ ಹೋದರೂ ಅದನ್ನು ಅವಧಾನದಿಂದ ಮಾಡುವುದು ಹೇಗೆ?

ಇದಕ್ಕೆ ಸಮೀಪದ ವಿಚಾರವೊಂದು ದೂರದ ಗ್ರೀಕ್ ಪರಂಪರೆಯಲ್ಲಿಯೂ ದೊರೆಯುತ್ತದೆ. ಗುಲಾಮನಾಗಿ ಹುಟ್ಟಿ ತತ್ತ್ವಜ್ಞಾನಿಯಾದ ಎಪಿಕ್ಟೀಟಸ್, ಮನುಷ್ಯನ ಕೈಯಲ್ಲಿರುವುದನ್ನೂ ಇಲ್ಲದುದನ್ನೂ ಬೇರ್ಪಡಿಸುವಾಗ ಹಡಗಿನ ಪ್ರಯಾಣವನ್ನೇ ಉದಾಹರಣೆಯಾಗಿ ಕೊಡುತ್ತಾನೆ. ನಾವಿಕನನ್ನು, ಹೊರಡುವ ದಿನವನ್ನು ಆರಿಸುವುದು ಪಯಣಿಗನ ಕೆಲಸ. ಗಾಳಿ ಬೀಸುವುದು, ಬಿರುಗಾಳಿ ಏಳುವುದು ಆತನ ಕೆಲಸವಲ್ಲವೆಂಬುದು ಅವನ ಅಭಿಪ್ರಾಯ. ಈ ವಿಂಗಡಣೆ ಉಪಯುಕ್ತವಾದರೂ ಶರಣರ ದೃಷ್ಟಿಗೆ ಅದು ಸಾಲದು, ಏಕೆಂದರೆ ಎಪಿಕ್ಟೀಟಸನ ಪಯಣಿಗನು ತನ್ನ ಮನಶ್ಶಾಂತಿಯನ್ನು ಕಾಯ್ದುಕೊಂಡರೆ ಅವನ ಕರ್ತವ್ಯ ಬಹುಪಾಲು ಮುಗಿಯುತ್ತದೆ. ಶರಣಧರ್ಮದಲ್ಲಿಯಾದರೋ ಅಂಬಿಗನೂ ಧರ್ಮದೊಳಗಿನವನೇ: ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನು ಸ್ವತಃ ವಚನಕಾರನಾಗಿದ್ದಾನೆ, ಅವನ ಹೆಸರನ್ನು ಹೊತ್ತ ಚೌಡಯ್ಯದಾನಪುರವು ತುಂಗಭದ್ರೆಯ ದಡದಲ್ಲಿ ಇಂದಿಗೂ ಇದೆ. ದಾಟಿಸುವವನ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ದಾಟುವವನ ಶಾಂತಿ ಈ ಪರಂಪರೆಗೆ ಒಪ್ಪಿತವಾಗಲಾರದು.

ಅವಧಾನವು ಮೊದಲು ಸಂಗತಿಗಳನ್ನು ಇದ್ದಂತೆ ಕಾಣುತ್ತದೆ. ದೇಶೀಯ ವಿಮಾನ ತಡವಾದಾಗ ಪ್ರಯಾಣಿಕನಿಗೆ ಸಲ್ಲುವುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಹೇಳಿವೆ: ಎರಡೂವರೆ ಗಂಟೆಯೊಳಗಿನ ಹಾರಾಟವು 2 ಗಂಟೆ ಅಥವಾ ಹೆಚ್ಚು ತಡವಾದರೆ, ಹೊತ್ತಿಗೆ ಸರಿಯಾಗಿ ಬಂದು ಹಾಜರಾದ ಪ್ರಯಾಣಿಕರಿಗೆ ಆಹಾರ ಮತ್ತು ಪಾನೀಯ ಕೊಡಬೇಕು; ತಡವು 6 ಗಂಟೆ ಮೀರುವುದಾದರೆ 6 ಗಂಟೆಯೊಳಗಿನ ಬೇರೆ ವಿಮಾನವನ್ನೋ ಟಿಕೆಟಿನ ಪೂರ್ಣ ಹಣವನ್ನೋ ಆಯ್ದುಕೊಳ್ಳುವ ಅವಕಾಶ ಕೊಡಬೇಕು. ಹವಾಮಾನದಂಥ ಸಂಸ್ಥೆಯ ಹಿಡಿತ ಮೀರಿದ ಕಾರಣಗಳಿಗೆ ಪರಿಹಾರಧನ ಸಲ್ಲುವುದಿಲ್ಲ. ಸಲ್ಲಬೇಕಾದದ್ದನ್ನು ಕೇಳಿ ಪಡೆಯುವುದು ದುರಾಸೆಯಲ್ಲ, ಸಲ್ಲದ್ದಕ್ಕಾಗಿ ಕೌಂಟರಿನಲ್ಲಿ ಕುಳಿತ ನೌಕರನ ಮೇಲೆ ಕೂಗಾಡುವುದು ನಿಷ್ಠೆಯೂ ಅಲ್ಲ.

ಎರಡನೆಯದಾಗಿ ಅವಧಾನವು ದಾರಿಗಳನ್ನು ಪೂರ್ತಿಯಾಗಿ ಎಣಿಸುತ್ತದೆ. ಬೆಂಗಳೂರಿನಿಂದ ಉಡುತಡಿ ಸೀಮೆಗೆ ಬರಬೇಕಾದವನಿಗೆ ಹಾರಾಟದ ಒಂದು ಗಂಟೆಯಷ್ಟೇ ಪಯಣವಲ್ಲ. ನಗರದಿಂದ ದೇವನಹಳ್ಳಿಯ ನಿಲ್ದಾಣದವರೆಗಿನ ಮೂವತ್ತು ನಲವತ್ತು ಕಿಲೋಮೀಟರ್, ಮುಂಚಿತವಾಗಿ ತಲುಪಿ ಕಾಯುವ ಹೊತ್ತು, ಸೋಗಾನೆಯಿಂದ ಶಿಕಾರಿಪುರಕ್ಕೆ ಮತ್ತೆ ಒಂದು ಗಂಟೆಗೂ ಮೀರಿದ ರಸ್ತೆ, ಇವೆಲ್ಲವನ್ನೂ ಕೂಡಿದರೆ ಎರಡು ಮೂರು ಗಂಟೆಯ ತಡವೊಂದೇ ವಿಮಾನದ ಮೇಲುಗೈಯನ್ನು ಅಳಿಸಿಹಾಕಲು ಸಾಕು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿಗಳ ಮೂಲಕ ಬರುವ ಹೆದ್ದಾರಿಯಲ್ಲಿ ಸಾರಿಗೆ ನಿಗಮದ ಬಸ್ಸುಗಳು ಹಗಲಿರುಳೂ ಓಡುತ್ತವೆ. ಬೀರೂರಿನಲ್ಲಿ ಕವಲೊಡೆಯುವ ರೈಲುಮಾರ್ಗದಲ್ಲಿ ಶಿವಮೊಗ್ಗದ ಜನಶತಾಬ್ದಿಯೂ, ಮೈಸೂರು–ತಾಳಗುಪ್ಪ ನಡುವಿನ ರಾತ್ರಿ ರೈಲೂ ಇವೆ. ಸೊರಬದ ಕಡೆಯವರಿಗೆ ಸಾಗರ ಜಂಬಗಾರು ನಿಲ್ದಾಣವೇ ಹತ್ತಿರ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲುಮಾರ್ಗ ಪೂರ್ಣವಾಗುವವರೆಗೆ ಶಿಕಾರಿಪುರದವರು ಶಿವಮೊಗ್ಗಕ್ಕೋ, ಹುಬ್ಬಳ್ಳಿ–ಬೆಂಗಳೂರು ಮಾರ್ಗದ ರಾಣೆಬೆನ್ನೂರಿಗೋ ರಸ್ತೆಯಲ್ಲೇ ಹೋಗಬೇಕು. ಮೊದಲೇ ಈ ದಾರಿಗಳನ್ನು ತಿಳಿದಿಟ್ಟುಕೊಂಡವನು ತಡದ ಸುದ್ದಿ ಬಂದಾಗ ಗಾಬರಿಯಾಗುವುದಿಲ್ಲ, ಒಂದೇ ವಾಹನಕ್ಕೆ ಜೋತುಬೀಳುವುದೂ ಇಲ್ಲ. ನದಿ ದಾಟಿದ ಮೇಲೆ ತೆಪ್ಪವನ್ನು ಹೊತ್ತು ತಿರುಗಬಾರದೆಂದು ಬುದ್ಧನು ಅಲಗದ್ದೂಪಮ ಸುತ್ತದಲ್ಲಿ ಬೋಧಿಸಿದ್ದನ್ನು, ತೆಪ್ಪ ಬರದಿದ್ದರೆ ದಡದಲ್ಲೇ ಬೇರೂರಬಾರದೆಂದು ವಿಸ್ತರಿಸಿಕೊಳ್ಳಬಹುದು.

ಮೂರನೆಯದಾಗಿ, ಮತ್ತು ಇದೇ ಕಠಿಣವಾದದ್ದು, ಅವಧಾನವು ಗುರಿಯನ್ನೇ ಪ್ರಶ್ನಿಸುತ್ತದೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿದೊಡ್ಡ ವಿಮಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದಾಗ, ಹುಬ್ಬಳ್ಳಿಯಲ್ಲಿ ಏರ್ಪಾಟಾಗಿದ್ದ ಆರತಕ್ಷತೆಯೊಂದಕ್ಕೆ ಭುವನೇಶ್ವರದಿಂದ ನವದಂಪತಿಯೇ ಬರಲಾಗಲಿಲ್ಲ. ಅತಿಥಿಗಳು ಸೇರಿದ್ದರಿಂದ ವಧುವಿನ ತಂದೆತಾಯಿ ವೇದಿಕೆಯ ಕುರ್ಚಿಗಳಲ್ಲಿ ಕುಳಿತರು, ಸಿಂಗರಿಸಿಕೊಂಡ ದಂಪತಿ ವಿಡಿಯೊ ಮೂಲಕ ಪರದೆಯ ಮೇಲೆ ಕಾಣಿಸಿಕೊಂಡು ಹರಕೆ ಪಡೆದರು. ಹಲವರು ಇದನ್ನು ವಿಚಿತ್ರವೆಂದು ನೋಡಿದರೂ ಅದರಲ್ಲಿ ಒಂದು ಸರಿಯಾದ ವಿವೇಕವಿತ್ತು: ಕರೆದವರನ್ನು ಗೌರವಿಸುವುದೇ ಆ ಸಂಜೆಯ ಸಾರ, ಅದಕ್ಕೆ ದೇಹ ಅಲ್ಲಿರಲೇಬೇಕಾಗಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಹಾಸಿಗೆ ಹಿಡಿದ ತಾಯಿಯ ಬಳಿಗೆ ಹೋಗುವ ಮಗನ ಪಯಣವನ್ನು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ರೋಗಿಯ ಪಯಣವನ್ನು ಯಾವ ಪರದೆಯೂ ತುಂಬಿಕೊಡಲಾರದು. ಯಾವ ಪಯಣ ಯಾರಿಗೆ ಸಲ್ಲಬೇಕಾದ ಋಣ, ಯಾವುದು ಬರಿಯ ವೇಳಾಪಟ್ಟಿಯ ಒತ್ತಾಯ ಎಂಬುದನ್ನು ತಡವು ಬೇರ್ಪಡಿಸಿ ತೋರಿಸುತ್ತದೆ. ಋಣದ ಪಯಣದಲ್ಲಿರುವವನಿಗೆ ಸಿಕ್ಕ ಒಂದೇ ಸೀಟನ್ನು ಬಿಟ್ಟುಕೊಡುವುದು ಮಿಕ್ಕವರ ಧರ್ಮ. ಆ ದಿನಗಳಲ್ಲಿ ದರಗಳು ಗಗನಕ್ಕೇರಿದ್ದರಿಂದ ಕೇಂದ್ರ ಸರ್ಕಾರವು 500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ 7,500 ರೂಪಾಯಿಯ ಮಿತಿ ಹಾಕಬೇಕಾಯಿತು, ರೈಲ್ವೆಯು ಹೆಚ್ಚುವರಿ ಬೋಗಿಗಳನ್ನು ಜೋಡಿಸಿತು. ಪರ್ಯಾಯ ದಾರಿಯು ಹಣವುಳ್ಳವನಿಗಷ್ಟೇ ತೆರೆದುಕೊಂಡರೆ ಅದನ್ನು ಸಮಾಜದ ದಾರಿಯೆನ್ನಲು ಬರುವುದಿಲ್ಲ.

ಆ ಬಿಕ್ಕಟ್ಟಿನ ಕಾರಣಗಳಲ್ಲಿ ಒಂದನ್ನು ಧರ್ಮಚಿಂತನೆ ಹಗುರವಾಗಿ ದಾಟಿಹೋಗುವಂತಿಲ್ಲ. ಪೈಲಟ್‌ಗಳ ದಣಿವು ಅಪಾಯಕಾರಿಯೆಂದು ಮನಗಂಡು ಅವರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿಯ ಇಳಿಯುವಿಕೆಗಳನ್ನು ಕಡಿತಗೊಳಿಸಿದ ಹೊಸ ನಿಯಮಗಳು ಆಗ ಪೂರ್ಣವಾಗಿ ಜಾರಿಗೆ ಬಂದಿದ್ದವು. ಅದಕ್ಕೆ ಬೇಕಾದಷ್ಟು ಸಿದ್ಧತೆ ಇರಲಿಲ್ಲವಾದ್ದರಿಂದ ವಿಮಾನಗಳು ನಿಂತವು, ಕೊನೆಗೆ ನಿಯಮಗಳನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ನಿದ್ದೆ ಮಾಡಿ ಎದ್ದ ಮನುಷ್ಯನೇ ವಿಮಾನ ನಡೆಸಬೇಕೆಂಬುದು ನ್ಯಾಯವಾದ ನಿಯಮ. ಅದರಿಂದಾದ ತಡವನ್ನು ಶಪಿಸುತ್ತ ನಿಲ್ದಾಣದ ಹೊರಗೆ ಬಂದ ಪ್ರಯಾಣಿಕನು, ಮುಂಜಾನೆಯಿಂದ ಸ್ಟಿಯರಿಂಗ್ ಬಿಡದ ಟ್ಯಾಕ್ಸಿ ಚಾಲಕನಿಗೆ ಎರಡರಷ್ಟು ಬಾಡಿಗೆಯ ಆಸೆ ತೋರಿಸಿ, ರಾತ್ರಿಯಿಡೀ ಮುನ್ನೂರು ಕಿಲೋಮೀಟರ್ ಓಡಿಸು ಎಂದರೆ, ಪೈಲಟ್‌ಗೆ ಕಾನೂನು ಕೊಟ್ಟ ನಿದ್ದೆಯನ್ನು ಆತ ಚಾಲಕನಿಂದ ಕಿತ್ತುಕೊಂಡಂತಾಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, 5 ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವನ್ನೂ ಗೊತ್ತುಪಡಿಸಿದ್ದರೂ ಅದು ಅನ್ವಯಿಸುತ್ತಿದ್ದುದು 5 ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಸಾಲ ಮಾಡಿ ಕೊಂಡ ಒಂದೇ ಕಾರಿನಿಂದ ಸಂಸಾರ ಸಾಗಿಸುವ ಚಾಲಕನನ್ನು ಕಾಯಲು ಪ್ರಯಾಣಿಕನ ಎಚ್ಚರದ ಹೊರತು ಹೆಚ್ಚೇನೂ ಇಲ್ಲ. ಪಾಳಿಗಳು ನಿಗದಿಯಾಗಿರುವ ರೈಲನ್ನೂ ನಿಗಮದ ಬಸ್ಸನ್ನೂ ಮೊದಲು ನೋಡಿ, ಬಾಡಿಗೆ ಕಾರನ್ನು ಕೊನೆಗೆ ನೋಡುವುದು ಆದ್ದರಿಂದ ಉಳಿತಾಯದ ಮಾತಷ್ಟೇ ಅಲ್ಲ, ಪ್ರಸಾದಿಯ ಅವಧಾನವೂ ಹೌದು.

ಪಯಣಿಗನಿಗೆ ಇಷ್ಟು ಹೊಣೆಯಿದ್ದರೆ, ಪಯಣಿಗನು ನಿಂತ ಊರಿಗೂ ಹೊಣೆಯಿದೆ. ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನವು ಅದನ್ನು ವರ್ಣಿಸುತ್ತ, ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಸ್ಥಳವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಕುರುಡರು, ಕುಂಟರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ದೇಶಗಳಿಂದ ಬಂದ ನಾನಾ ಪಂಥಗಳ ಭಿಕ್ಷುಗಳು, ಇವರೆಲ್ಲರಿಗೂ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆ ಸಿಗುವ, ಸಕಲ ಜೀವಿಗಳಿಗೂ ಅಭಯವಿರುವ ಸ್ಥಾನವೆಂದು ಪಟ್ಟಿ ಮಾಡುತ್ತದೆ. ಉಡುತಡಿಯ ನೆರೆಯಲ್ಲಿ, ಶರಣರ ಕಾಲದಲ್ಲೇ, ಬಂದವನ ಪಂಥವನ್ನು ಕೇಳದೆ ಉಣಬಡಿಸಿದ ಮಠವಿದು. ಅಕ್ಕನ ವಚನಗಳಲ್ಲಿ ದಾರಿಯಲ್ಲಿ ದೊರೆಯುವ ಅನ್ನ, ನೀರು, ಆಸರೆಗಳ ಮೇಲೆ ಕಾಣುವ ಭರವಸೆ ಇಂಥ ನೆಲದಲ್ಲಿ ಆಧಾರವಿಲ್ಲದ್ದಾಗಿರಲಿಲ್ಲ. ಇರುವುದನ್ನು ಹಂಚಿ ಉಣ್ಣುವ ಈ ನಡೆಯನ್ನು ಶರಣರು ದಾಸೋಹವೆಂದರು. ಇಂದಿನ ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ತಡಕ್ಕೆ ಕೊಡಬೇಕಾದ ಊಟ ಕಾನೂನಿನ ಲೆಕ್ಕ. ಮಗುವಿನೊಡನೆ ಒಬ್ಬಳೇ ಬಂದ ತಾಯಿಗೆ, ಕನ್ನಡ ಬಾರದ ಕೂಲಿಯಾಳಿಗೆ, ಫಲಕ ಓದಲಾಗದ ಮುದುಕರಿಗೆ ಮುಂದಿನ ಬಸ್ಸಾವುದೆಂದು ಹೇಳಿ, ಬಾಡಿಗೆ ಕಾರಿನಲ್ಲಿ ಖಾಲಿಯಿರುವ ಸೀಟನ್ನು ಹಂಚಿಕೊಳ್ಳುವುದು ಆ ಲೆಕ್ಕದಾಚೆಯ ದಾಸೋಹ.

ಲೋಕವನ್ನೇ ತೊರೆದು ನಡೆದ ಅಕ್ಕನನ್ನು ಟಿಕೆಟು, ದರಗಳ ಮಾತಿಗೆ ಎಳೆತರುವುದು ಆಕೆಯನ್ನು ಕುಗ್ಗಿಸಿದಂತೆ ಎಂಬ ಆಕ್ಷೇಪ ಬರಬಹುದು, ಅದರಲ್ಲಿ ತೂಕವೂ ಇದೆ. ಚೆನ್ನಮಲ್ಲಿಕಾರ್ಜುನನಲ್ಲಿ ಒಂದಾಗಲು ಹೊರಟವಳ ನಡಿಗೆಯೂ ಸಂದರ್ಶನಕ್ಕೋ ಸಭೆಗೋ ಹೊರಟವನ ಹಾರಾಟವೂ ಒಂದೇ ಅಲ್ಲ. ಆದರೆ ಧರ್ಮವನ್ನು ಗುಡಿಯಿಂದ ಬಿಡಿಸಿ ದಿನದ ಕಾಯಕಕ್ಕೆ, ಕೊಡುಕೊಳ್ಳುವ ನಡೆಗೆ ತಂದವರು ಶರಣರೇ. ಸ್ಥಾವರವೆಂದು ಅವರು ಕರೆದದ್ದು ಜಡವಾಗಿ ನಿಂತದ್ದನ್ನು, ಜಂಗಮವೆಂದು ಕರೆದದ್ದು ಅರಿವಿನಿಂದ ಚಲಿಸುವುದನ್ನು. ಆ ಅಳತೆಯಲ್ಲಿ ನೋಡಿದರೆ ಸಿಟ್ಟಿನಿಂದ ಊರೂರು ಓಡಿದವನು ಸ್ಥಾವರನಾಗಿಯೇ ಉಳಿಯಬಹುದು, ಎಚ್ಚರದಿಂದ ಕಾದು ಕುಳಿತವನು ಜಂಗಮನಾಗಬಹುದು.

ಆದಕಾರಣ ಪ್ರಸಾದವೋ ನಿಷ್ಠೆಯೋ ಎಂಬ ಪ್ರಶ್ನೆಗೆ ಈ ಪರಂಪರೆ ಕೊಡುವ ಉತ್ತರ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಲ್ಲ; ನಿಷ್ಠೆಯನ್ನು ಗುರಿಯಲ್ಲಿಟ್ಟು, ವಾಹನದ ವಿಷಯದಲ್ಲಿ ಪ್ರಸಾದಿಯಾಗಿರುವುದು. ಅಂಥವನು ತಡದ ಕಾರಣವನ್ನು ಕೇಳಿ ತಿಳಿಯುತ್ತಾನೆ, ಸಲ್ಲುವುದನ್ನು ಪಡೆಯುತ್ತಾನೆ, ಪಯಣವು ಋಣವಾದರೆ ಸಿಕ್ಕ ದಾರಿ ಹಿಡಿಯುತ್ತಾನೆ, ಅಲ್ಲವಾದರೆ ಬಿಟ್ಟುಕೊಡುತ್ತಾನೆ. ಮತ್ತು ಕಾರಿನ ಬಾಗಿಲು ತೆರೆಯುವ ಮುನ್ನ ಚಾಲಕನು ಕೊನೆಯ ಬಾರಿ ನಿದ್ದೆ ಮಾಡಿದ್ದು ಯಾವಾಗ ಎಂದು ಕೇಳುತ್ತಾನೆ. ಉತ್ತರ ಸಮಾಧಾನ ತರದಿದ್ದರೆ ಆ ರಾತ್ರಿ ಇದ್ದ ಊರಲ್ಲೇ ತಂಗಿ ಬೆಳಗಿನ ರೈಲು ಹಿಡಿಯುವುದು ಅವನ ನಿಷ್ಠೆಗೆ ಕುಂದಲ್ಲ. ಇನ್ನೊಬ್ಬನ ಜೀವವನ್ನು ಪಣಕ್ಕಿಟ್ಟು ತಲುಪಿದ ಗುರಿ ಶರಣರ ಲೆಕ್ಕದಲ್ಲಿ ತಲುಪಿದ ಗುರಿಯೇ ಅಲ್ಲ.